ಕಳ್ಳ ಉಸಿರು

ನಾಲ್ಕನೆಯ ದನಿಯ ಅರ್ಧಕ್ಕೆ ಬಂದಿದ್ದಳು. ಕಿವಿಯಲ್ಲಿ ಹೆಡ್‌ಫೋನು, ಹೆಡ್‌ಫೋನಿನೊಳಗೆ ಅವಳೇ. ಒಬ್ಬಳಲ್ಲ, ಮೂವರು. ಮೇಲಿನ ದನಿಯವಳು ಎಡಗಿವಿಯ ಹತ್ತಿರ, ಎರಡನೆಯವಳು ಬಲಕ್ಕೆ, ಮೂರನೆಯವಳು ತಲೆಯ ನಟ್ಟನಡುವೆ ಎಲ್ಲೋ. ಆ ಮೂವರು ಹಾಡುತ್ತಿದ್ದಂತೆ ಇವಳು ಅವರ ಕೆಳಗೆ ಮೆಲ್ಲಗೆ ನಡೆಯುತ್ತಿದ್ದಳು. ಎಷ್ಟು ಸಲ ಮಾಡಿದರೂ ಈ ಕೆಲಸ ಅವಳಿಗೆ ಹಳತಾಗಿರಲಿಲ್ಲ. ಬೆಳಗಿನಿಂದ ಪಾತ್ರೆ ತೊಳೆದು, ಬಟ್ಟೆ ಮಡಿಸಿ, ಕನ್ನಡಕದಂಗಡಿಯಲ್ಲಿ ನಿಂತು ಗಾಜು ಒರೆಸಿ ಬಂದ ಒಬ್ಬಳೇ ಹೆಂಗಸು, ಇಲ್ಲಿ ಒಂದು ಗುಂಪಾಗಿಬಿಡುತ್ತಿದ್ದಳು.

ಮಲಗುವ ಕೋಣೆಯ ಕಿಟಕಿಗೆ ಎರಡು ಕಂಬಳಿ ಇಳಿಬಿಟ್ಟಿತ್ತು. ಬೀರುವಿನ ಬಾಗಿಲು ಹಾರುಹೊಡೆದು, ಮೈಕು ಒಳಗಿನ ಬಟ್ಟೆಗಳತ್ತ ಮುಖಮಾಡಿತ್ತು. ದನಿ ಗೋಡೆಗೆ ಬಡಿದು ವಾಪಸು ಬಾರದೆ ಬಟ್ಟೆಯಲ್ಲೇ ಇಂಗಿಹೋಗಲಿ ಎಂದು. ಮೈಕು ನಿಂತಿದ್ದದ್ದು ಹಳೆಯ ಮೇಜುದೀಪವೊಂದರ ಕತ್ತಿನ ಮೇಲೆ. ಲಿಫ್ಟ್ ರಿಪೇರಿ ಮಾಡುವ ಅವಳ ಗಂಡ, ಯಾವುದನ್ನೂ ಎಸೆಯಲಾರದವನು, ಬಿಗಿದು ಕೊಟ್ಟಿದ್ದ. ಫ್ಯಾನು ನಿಲ್ಲಿಸಿತ್ತು, ಫ್ರಿಜ್ಜಿನ ಪ್ಲಗ್ಗು ಕಿತ್ತಿತ್ತು. ಅತ್ತೆ ನಡುಮನೆಯಲ್ಲಿ ಕುರ್ಚಿ ಮೇಲೆ ಕೈಕಾಲು ಅಲ್ಲಾಡಿಸದೆ ಕೂತಿದ್ದರು.

"ಮುಗೀತಾ?" ಎಂದು ಅವರು ಕೇಳಿದ್ದು ಅವಳು ಹೊರಗೆ ಬಂದ ಮೇಲೆ.

"ಮುಗೀತು ಅತ್ತೆ. ಕೆಮ್ಮಬಹುದು."

ಅವರು ಅಷ್ಟು ಹೊತ್ತು ತಡೆದಿಟ್ಟಿದ್ದ ಕೆಮ್ಮನ್ನೆಲ್ಲ ಒಟ್ಟಿಗೆ ಕೆಮ್ಮಿದರು. "ಮೊದಲು ಫ್ರಿಜ್ ಹಾಕು. ಹೋದ ವಾರ ನಿನ್ನ ಹಾಡು ಕೇಳಿ ಹಾಲು ಹುಳಿಯಾಗಿತ್ತು."

"ಹಾಡು ಕೇಳಿ ಅಲ್ಲ, ಪ್ಲಗ್ಗು ಮರೆತು."

"ಏನೋ ಒಂದು. ಹುಳಿಯಂತೂ ಆಯ್ತಲ್ಲ."

ಅವಳಿರುವ ಗಾಯನತಂಡದಲ್ಲಿ ಸ್ವರಲಿಪಿ ಓದಬಲ್ಲವರು ಬೆರಳೆಣಿಕೆಯಷ್ಟು ಜನ. ಉಳಿದವರು ಕೇಳಿ ಕಲಿಯುವವರು. ಭಾನುವಾರ ಶಾಲೆಯೊಂದರ ವ್ಯಾಯಾಮದ ಕೊಠಡಿಯಲ್ಲಿ ಸೇರಿ ಹಾಡುವರು, ಮನೆಗೆ ಹೋಗುವಷ್ಟರಲ್ಲಿ ಅರ್ಧ ಮರೆಯುವರು. ಅದನ್ನು ನೋಡಲಾರದೆ ಅವಳು ಕೆಲವು ವರ್ಷಗಳ ಹಿಂದೆ ಈ ಕೆಲಸ ಶುರುಮಾಡಿದ್ದಳು. ಹಾಡಿನ ನಾಲ್ಕೂ ದನಿಗಳನ್ನು ಬೇರೆಬೇರೆಯಾಗಿ ತಾನೇ ಹಾಡಿ ಕಂಪ್ಯೂಟರಿನಲ್ಲಿ ಕೂಡಿಸುವುದು. ಒಬ್ಬೊಬ್ಬರಿಗೆ ಅವರವರ ದನಿ ಜೋರಾಗಿ, ಮಿಕ್ಕ ಮೂರು ದೂರದಲ್ಲಿ ಕೇಳುವ ಹಾಗೆ ನಾಲ್ಕು ಟ್ರ್ಯಾಕು ಮಾಡಿ ತಂಡದ ಪುಟಕ್ಕೆ ಏರಿಸುವುದು. ಫೋನಿನಲ್ಲಿ ಒಂದು ಸಲ ಒತ್ತಿದರೆ ಯಾರು ಎಲ್ಲಿದ್ದರೂ ಕೇಳಬಹುದು. ತಂಡದವರು ಅವಳಿಗೆ ಟ್ರ್ಯಾಕಮ್ಮ ಎಂದು ಹೆಸರಿಟ್ಟಿದ್ದರು. ಗಂಡಸರ ತೀರ ಕೆಳಗಿನ ದನಿ ಅವಳ ಗಂಟಲಿಗೆ ಎಟುಕುತ್ತಿರಲಿಲ್ಲ. ಅದನ್ನು ಮೇಲೆ ಹಾಡಿ, ಕಂಪ್ಯೂಟರಿನಿಂದ ಕೆಳಕ್ಕಿಳಿಸುತ್ತಿದ್ದಳು. ಮೊದಲ ಸಲ ಹಾಗೆ ಇಳಿಸಿದ ದಿನ ಅತ್ತೆ ಬಾಗಿಲು ತಟ್ಟಿ, "ಒಳಗೆ ಯಾರೇ ಅದು ಗಂಡಸು?" ಎಂದು ಕೇಳಿದ್ದರು.

ಈ ಬಾರಿಯ ಹಾಡು ತಂಡವನ್ನು ನಡೆಸುವ ಮೇಷ್ಟ್ರೇ ಬರೆದು ರಾಗ ಹಾಕಿದ್ದು. ಊರಿನ ಹೊಸ ಸಭಾಂಗಣದಲ್ಲಿ ಮೊದಲ ದಿನ ಮೊದಲು ಹಾಡಬೇಕಾದದ್ದು. 'ಹರಿವ ನೀರೆ, ಕಡಲು ದೂರ, ನಿಲ್ಲದಿರು' ಎಂದು ಅದರ ಪಲ್ಲವಿ. ತುಂಬ ನಿಧಾನ. ಆ ಸಾಲು ಪೂರ್ತಿ ಒಂದೇ ಉಸಿರಿನಲ್ಲಿ ಹೋಗಬೇಕು.

"ನೀರೆ ಅಂದ್ರೆ ನೀರೋ ಹೆಂಗಸೋ?" ಎಂದು ಅತ್ತೆ ಕೇಳಿದ್ದರು.

"ಎರಡೂ ಅನ್ನಿ."

"ಹೆಂಗಸಾದ್ರೆ ನಿಲ್ಲದಿರು ಅಂತ ಹೇಳೋದೇ ಬೇಡ. ಅವಳಿಗೆ ಎಲ್ಲಿ ಪುರುಸೊತ್ತು."

ಕಂಪ್ಯೂಟರಿನ ಮುಂದೆ ಕೂತು ನಾಲ್ಕು ದನಿಗಳನ್ನು ಕೂಡಿಸುವಾಗ ಅವಳಿಗೆ ಅದು ಮತ್ತೆ ಕೇಳಿಸಿತು. 'ನಿಲ್ಲ' ಎಂಬಲ್ಲಿ ಉಸಿರು ಮುಗಿದಿತ್ತು. ಚಿಕ್ಕದೊಂದು ಉಸಿರು ಎಳೆದುಕೊಂಡು 'ದಿರು' ಎಂದಿದ್ದಳು. ಮೇಲಿನ ದನಿಯಲ್ಲಿ ಹಾಗಾಯಿತು. ಅದನ್ನು ಕಿವಿಯಲ್ಲಿ ಇಟ್ಟುಕೊಂಡು ಉಳಿದ ಮೂರು ಹಾಡಿದ್ದರಿಂದ ಅಲ್ಲಿಯೂ ಅದೇ ಜಾಗದಲ್ಲಿ ಎದೆ ತನ್ನಷ್ಟಕ್ಕೆ ಉಸಿರೆಳೆದಿತ್ತು. ಅವಳೇ ಆದ ಆ ನಾಲ್ವರೂ ಒಂದು ಪದದ ಹೊಟ್ಟೆಯಲ್ಲಿ ಒಟ್ಟಿಗೆ ನಿಂತು ಮುಂದೆ ಹೋಗಿದ್ದರು.

ಕೆಲವು ತಿಂಗಳಿಂದ ಹೀಗೆ. ಎದೆಯ ತಳದಲ್ಲಿ ಉಸಿರಿಗೆ ಮೊದಲು ಇದ್ದ ಜಾಗ ಈಗ ಇರಲಿಲ್ಲ. ಡಾಕ್ಟರು ಪರೀಕ್ಷೆ ಮಾಡಿ, ಎಲ್ಲ ಸರಿಯಾಗಿದೆ, ವಯಸ್ಸು ಅಷ್ಟೆ ಎಂದಿದ್ದರು. ಆ 'ಅಷ್ಟೆ'ಯನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹುಡುಗಿಯಾಗಿದ್ದಾಗಿನಿಂದ ಅವಳು ಮುಂದಿನ ಸಾಲಿನಲ್ಲಿ, ಮೇಲಿನ ದನಿಯಲ್ಲಿ ನಿಂತವಳು. ಅವಳ ಪಕ್ಕದಲ್ಲಿ ಹಿಂದೊಮ್ಮೆ ಅಂಚೆಯಕ್ಕ ಎಂದು ಎಲ್ಲರೂ ಕರೆಯುತ್ತಿದ್ದ ಹೆಂಗಸು ನಿಲ್ಲುತ್ತಿದ್ದಳು. ಒಂದು ಭಾನುವಾರ ಮೇಷ್ಟ್ರು ಎಲ್ಲರೆದುರು, "ಅಕ್ಕ, ನೀವು ಸ್ವಲ್ಪ ಹಿಂದೆ ಬನ್ನಿ" ಎಂದರು. ಕೆಟ್ಟದಾಗಿ ಹೇಳಲಿಲ್ಲ. ಅಂಚೆಯಕ್ಕ ನಗುತ್ತಲೇ ಹಿಂದಕ್ಕೆ ಹೋದಳು. ಆಮೇಲೆ ಒಂದು ವಾರ ನೆಗಡಿ, ಒಂದು ವಾರ ನೆಂಟರು ಎನ್ನುತ್ತ ಬರುವುದನ್ನೇ ಬಿಟ್ಟಳು. ಈಗ ದಾರಿಯಲ್ಲಿ ಸಿಕ್ಕರೆ ಹಾಡಿನ ವಿಷಯ ಬಿಟ್ಟು ಬೇರೆಲ್ಲ ಮಾತಾಡುತ್ತಾಳೆ.

ಇನ್ನೊಂದು ಸಲ ಹಾಡಿಬಿಡಲೇ ಎಂದುಕೊಂಡಳು. ಎರಡು ಸಲ ಹಾಡಿಯೂ ನೋಡಿದಳು. ಎರಡು ಸಲವೂ ಅದೇ ಜಾಗ. ಅಭ್ಯಾಸಕ್ಕೆ ತಾನೇ, ಯಾರು ಗಮನಿಸುತ್ತಾರೆ ಎಂದು ಉಸಿರಿನ ಸದ್ದನ್ನಷ್ಟೇ ತೆಳ್ಳಗೆ ಮಾಡಿ ಏರಿಸಿದಳು.

ಎರಡು ಮೂರು ದಿನ ಏನೂ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ಅಂಗಡಿಗೆ ಹೋಗುವಾಗ ಬ್ರೆಡ್ಡಿಗೆಂದು ಬೇಕರಿ ಹೊಕ್ಕಳು. ಬೇಕರಿಯವನು ತಂಡದ ನಾಲ್ಕನೆಯ ದನಿ. ದಪ್ಪ ಮೈ, ಬಾವಿಯಿಂದ ಬಂದಂಥ ಸ್ವರ. ಒಳಗೆ ಹಿಟ್ಟು ನಾದುತ್ತಿದ್ದ. ಕಿವಿಯಲ್ಲಿ ಸಣ್ಣ ಇಯರ್‌ಫೋನು. ಅವಳು ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ಮುಷ್ಟಿ ಹಿಟ್ಟಿನೊಳಗೆ ಇಳಿಯುತ್ತ ಏಳುತ್ತ ಇದ್ದಂತೆ ಅವನು ಗುನುಗುತ್ತಿದ್ದ. ಕಡಲು ದೂರ. ನಿಲ್ಲ. ಅಲ್ಲಿ ಮುಷ್ಟಿ ಗಾಳಿಯಲ್ಲಿ ನಿಂತಿತು, ಅಗಲವಾದ ಎದೆ ಚೂರು ಏರಿತು. ದಿರು.

ಅವಳು ಕೌಂಟರಿನ ಅಂಚು ಹಿಡಿದುಕೊಂಡಳು. ಅವನ ಎದೆಯಲ್ಲಿ ಬೇಕಾದಷ್ಟು ಗಾಳಿ ಇತ್ತು. ಆ ಸಾಲನ್ನು ಎರಡು ಸಲ ಹಾಡಿ ಮುಗಿಸುವಷ್ಟು. ಆದರೂ ಅವನು ಉಸಿರೆಳೆದಿದ್ದ. ಅವಳ ಉಸಿರನ್ನು.

"ಓ, ಟ್ರ್ಯಾಕಮ್ಮನವರು," ಎಂದ ಅವನು ತಿರುಗಿ. "ನೋಡಿ, ನೀವು ದಿನಾ ನನ್ನ ಜೊತೆ ಹಿಟ್ಟು ಕಲಸ್ತೀರಿ. ಸಂಬಳ ಮಾತ್ರ ಕೇಳಬೇಡಿ."

ಅವಳು ನಕ್ಕಳು. ಹೊರಗೆ ಬಂದ ಮೇಲೆ ರಸ್ತೆ ಬೇರೆಯಾಗಿ ಕಾಣಿಸಿತು. ಬಸ್ಸಿಗೆ ಕಾದು ನಿಂತವರಲ್ಲಿ ಒಬ್ಬಳ ತುಟಿ ಅಲುಗುತ್ತಿತ್ತು. ತಂಡದವಳೇ ಅಲ್ಲದಿರಬಹುದು, ಮಾತೇ ಆಡುತ್ತಿರಬಹುದು. ಆದರೆ ಈ ಹೊತ್ತಿನಲ್ಲಿ ಎಷ್ಟು ಅಡುಗೆಮನೆಗಳಲ್ಲಿ, ಎಷ್ಟು ಕಾರುಗಳಲ್ಲಿ, ಯಾವ ಯಾವ ಬಚ್ಚಲುಮನೆಗಳಲ್ಲಿ ತನ್ನ ದನಿ ಹೋಗಿ ಕೂತಿದೆಯೋ ಎಂದು ಮೊದಲ ಬಾರಿಗೆ ಅವಳಿಗೆ ಅನ್ನಿಸಿತು. ಬೀರುವಿನ ಬಟ್ಟೆಗಳಿಗೆ ಹೇಳಿದ ಮಾತು ಅದು. ಅಲ್ಲೇ ಇಂಗಿಹೋಯಿತು ಎಂದುಕೊಂಡಿದ್ದಳು.

ಭಾನುವಾರ ಎಲ್ಲರೂ ಸೇರಿದರು. ಅವಳ ಎಡಕ್ಕೆ ಹಲ್ಲಿನ ಡಾಕ್ಟರು ನಿಂತಿದ್ದಳು. ಇಬ್ಬರೂ ಒಂದೇ ದನಿ, ಬಹಳ ವರ್ಷದ ಜೊತೆ. ಮೇಷ್ಟ್ರು ಕೈ ಎತ್ತಿದರು. ಎತ್ತರದ, ಬಡಕಲು ಮನುಷ್ಯ. ಅವರ ಕೈಯಲ್ಲಿ ಕೋಲಿಲ್ಲ, ಬರಿಗೈ. ಬೆರಳು ಬಿಚ್ಚಿದರೆ ಹಾಡು.

ಹರಿವ ನೀರೆ.

ಎಲ್ಲರಿಗೂ ಪಾಠ ಬಂದಿತ್ತು. ಯಾರೂ ಕಾಗದ ನೋಡುತ್ತಿರಲಿಲ್ಲ. ನಾಲ್ಕೂ ದನಿ ಒಂದರ ಮೇಲೊಂದು ಒರಗಿ ಏಳುತ್ತಿದ್ದವು. ಕಡಲು ದೂರ ಎಂಬಲ್ಲಿ ಕೊಠಡಿಯ ಗಾಜುಗಳು ಸಣ್ಣಗೆ ನಡುಗಿದವು. ನಿಲ್ಲ.

ಆಗ ಅದು ಆಯಿತು. ಕೊಠಡಿಯಲ್ಲಿದ್ದ ಅಷ್ಟೂ ಜನ, ಹೆಂಗಸರು, ಗಂಡಸರು, ಮುದುಕರು, ಕಾಲೇಜಿನವರು, ಒಂದೇ ಸಲಕ್ಕೆ ಉಸಿರೆಳೆದರು. ಸದ್ದು ದೊಡ್ಡದಲ್ಲ. ಮಲಗಿದ್ದ ಬಹಳ ದೊಡ್ಡ ಜೀವವೊಂದು ಮಗ್ಗುಲು ಬದಲಿಸುವ ಮುಂಚೆ ಎಳೆದುಕೊಳ್ಳುವ ಉಸಿರಿನಂತೆ. ತನ್ನ ಎದೆಯ ಬಡತನ, ಮಲಗುವ ಕೋಣೆಯ ಒಂದು ಮಧ್ಯಾಹ್ನದ ಕೊರತೆ, ಇಷ್ಟು ಎದೆಗಳೊಳಗೆ ಹೊಕ್ಕು ಇಷ್ಟು ದೊಡ್ಡದಾಗಿ ಹೊರಬಂದಿತ್ತು. ಹೆದರಿಕೆಯೂ ಆಯಿತು, ಕೈ ಮುಗಿಯಬೇಕು ಎಂದೂ ಅನ್ನಿಸಿತು. ಯಾರಿಗೆ ಮುಗಿಯುವುದು ಎಂದು ಮಾತ್ರ ತಿಳಿಯಲಿಲ್ಲ.

ದಿರು, ಎಂದರು ಎಲ್ಲರೂ.

ಮೇಷ್ಟ್ರ ಕೈ ಗಾಳಿಯಲ್ಲೇ ಉಳಿಯಿತು. "ಇದೇನಿದು?"

ಮೇಷ್ಟ್ರು ಕೈ ಇಳಿಸಿದರು.

"ನಿಲ್ಲದಿರು ಅಂತ ಹಾಡ್ತಾ ಎಲ್ಲರೂ ನಿಂತುಬಿಟ್ರಲ್ಲ ಮಾರಾಯ್ರೆ. ನೀರು ಕೇಳಿದ್ರೆ ನಕ್ಕುಬಿಡುತ್ತೆ. ಕಳ್ಳ ಉಸಿರು ಎಲ್ಲಿ ಹೋಯ್ತು?"

ಕಳ್ಳ ಉಸಿರು ಎಂಬುದು ತಂಡದ ಹಳೆಯ ಪಾಠ. ಉದ್ದನೆಯ ಸಾಲಿನಲ್ಲಿ ಉಸಿರು ಸಾಲದವರು ನಡುವೆ ಎಲ್ಲಾದರೂ ಕದ್ದು ಎಳೆದುಕೊಳ್ಳಬೇಕು. ಆದರೆ ಪಕ್ಕದವರು ಎಳೆದ ಜಾಗದಲ್ಲಿ ಅಲ್ಲ. ಒಬ್ಬರು ಬಿಟ್ಟಾಗ ಇನ್ನೊಬ್ಬರು ಹಿಡಿದಿರಬೇಕು. ಕೇಳುವವರಿಗೆ ಹಾಡು ಎಲ್ಲೂ ಕಡಿಯದೆ ಒಂದೇ ಎಳೆಯಾಗಿ ಕೇಳಬೇಕು.

"ಇನ್ನೊಂದು ಸಲ. ಅವರವರ ಜಾಗದಲ್ಲಿ ಕದೀರಿ. ಗುಂಪುಗೂಡಿ ಕದ್ರೆ ಅದು ಕಳ್ಳತನ ಅಲ್ಲ, ದರೋಡೆ."

ನಗುತ್ತ ಮತ್ತೆ ಹಾಡಿದರು. ಮತ್ತೆ ಅಲ್ಲೇ. ಇನ್ನೊಮ್ಮೆ ಹಾಡಿದರು. ಬೇಡ ಎಂದುಕೊಂಡವರ ಎದೆಯೂ ಆ ಜಾಗ ಬಂದಾಗ ತಾನಾಗಿ ತೆರೆದುಕೊಂಡಿತು. ತಮಗೇ ಸೋಜಿಗವಾದಂತೆ ಒಬ್ಬರನ್ನೊಬ್ಬರು ನೋಡಿಕೊಂಡರು.

ಕೊನೆಗೆ ಹಿಂದಿನ ಸಾಲಿನಿಂದ ಬೇಕರಿಯವನು, "ಟ್ರ್ಯಾಕಿನಲ್ಲೇ ಹಾಗಿದೆ ಮೇಷ್ಟ್ರೇ. ಹಾಗಾಗಿ ಹಾಗೇ ಕಲ್ತುಬಿಟ್ವಿ" ಎಂದ.

ಎಲ್ಲರ ಮುಖವೂ ಅವಳತ್ತ ತಿರುಗಿತು. ಮೇಷ್ಟ್ರ ಮುಖವೂ. ಅವರ ಕಿವಿ ಎಂಥದ್ದು ಎಂದು ಅವಳಿಗೆ ಗೊತ್ತು. ಈಗ ಒಂದೇ ಮಾತು, ಅಕ್ಕ, ನೀವು ಸ್ವಲ್ಪ.

"ಅತ್ತೆ ಕರೆದ್ರು," ಎಂದಳು. "ಹಾಡೋ ಹೊತ್ತಿಗೆ ಸರಿಯಾಗಿ ಒಳಗಿಂದ ಕೂಗಿದ್ರು. ತಡವರಿಸಿಬಿಟ್ಟೆ. ಆಮೇಲೆ ತಿದ್ದೋಣ ಅಂತ ಮರೆತೆ."

ಕೊಠಡಿ ಪೂರ್ತಿ ನಕ್ಕಿತು. "ಅತ್ತೆಯ ಕೂಗಿಗೆ ಊರೇ ನಿಂತುಹೋಯ್ತು," ಎಂದರು ಯಾರೋ. ಹಲ್ಲಿನ ಡಾಕ್ಟರು ಮಾತ್ರ ನಗದೆ ಅವಳ ಮೊಣಕೈಯನ್ನು ಒಂದು ಕ್ಷಣ ಮುಟ್ಟಿದಳು. ಮೇಷ್ಟ್ರು ಅವಳನ್ನು ನೋಡಿದರು, ಬೇಕಾದ್ದಕ್ಕಿಂತ ಒಂದು ಚೂರು ಹೆಚ್ಚು ಹೊತ್ತು.

"ಸರಿ. ಹೊಸದಾಗಿ ಹಾಡಿ ಹಾಕಿ. ಕಿವಿ ಕಲಿಸಿದ್ದನ್ನ ಕಿವಿಯೇ ಬಿಡಿಸಬೇಕು. ಬರೀ ಬಾಯಲ್ಲಿ ಹೇಳಿದ್ರೆ ಆಗಲ್ಲ."

ಅಂಗಡಿಯ ರಜೆಯ ದಿನ ಮಧ್ಯಾಹ್ನ ಅವಳು ಮತ್ತೆ ಕಂಬಳಿ ಇಳಿಬಿಟ್ಟಳು. ಅತ್ತೆ ಬಾಗಿಲಲ್ಲಿ ನಿಂತರು.

"ನಾನು ಕರೆದೆ ಅಂತ ಹೇಳಿದೆಯಂತೆ?"

ಅವಳ ಕೈ ತಂತಿಯ ಮೇಲೆ ನಿಂತಿತು. "ಯಾರು ಹೇಳಿದ್ರು?"

"ಬ್ರೆಡ್ಡಿಗೆ ಹೋಗಿದ್ದೆ. ನಿಮ್ಮಿಂದ ಹಾಡು ಕೆಟ್ಟಿತು ಅಮ್ಮಾ ಅಂತ ಆ ಬೇಕರಿಯವನು ಅಂಗಡಿ ತುಂಬ ಜನರ ಮುಂದೆ ಹೇಳ್ತಾನೆ. ಕೆಮ್ಮು ನುಂಗಿಕೊಂಡು ಕಲ್ಲಿನ ಹಾಗೆ ಕೂತಿದ್ದಕ್ಕೆ ನನಗೆ ಸಿಕ್ಕ ಮರ್ಯಾದೆ ಇದು."

"ತಪ್ಪಾಯ್ತು ಅತ್ತೆ."

"ಇರಲಿ ಬಿಡು. ಅತ್ತೆ ಅಂತ ಒಬ್ಬಳು ಇರೋದು ಇಂಥದಕ್ಕಾದ್ರೂ ಉಪಯೋಗ ಆಗಲಿ." ಹೋಗುತ್ತ ಹೋಗುತ್ತ ತಿರುಗಿದರು. "ನಿಜವಾಗಿ ಏನಾಯ್ತು?"

"ಏನೋ, ತಡವರಿಸಿದೆ."

ಅತ್ತೆ ಕುರ್ಚಿಯ ಮೇಲೆ ಹೋಗಿ ಕೂತರು. ಅವಳು ಮೇಲಿನ ದನಿ ಹಾಡಿದಳು. ಉಸಿರು ಸಾಲಲಿಲ್ಲ. ನಿಂತು ಹಾಡಿದಳು, ಗೋಡೆಗೆ ಒರಗಿ ಹಾಡಿದಳು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಹಾಡಿದಳು. ಅದೇ ಜಾಗ, ಒಮ್ಮೊಮ್ಮೆ ಅದಕ್ಕಿಂತ ಮೊದಲೇ. ಆಮೇಲೆ, ಮಾಡಬಾರದು ಎಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದದ್ದನ್ನು ಮಾಡಿದಳು. ಸಾಲನ್ನು ಎರಡು ತುಂಡಾಗಿ ಹಾಡಿ, ನಡುವಿನ ಉಸಿರನ್ನು ಕತ್ತರಿಸಿ ತೆಗೆದು, ತುದಿಗೆ ತುದಿ ಸೇರಿಸಿದಳು. ಪರದೆಯ ಮೇಲಿನ ಅಲೆಗೆರೆಯಲ್ಲಿ ಹೊಲಿಗೆ ಕಾಣದಂತೆ ಎಳೆದು ಸರಿಮಾಡಿದಳು. ಕೈ ಪಳಗಿತ್ತು.

ಹೆಡ್‌ಫೋನು ತೆಗೆದು ಸ್ಪೀಕರಿನಲ್ಲಿ ಹಾಕಿದಳು. ಹರಿವ ನೀರೆ ಕಡಲು ದೂರ ನಿಲ್ಲದಿರು. ಎಲ್ಲೂ ಕಡಿಯಲಿಲ್ಲ. ಇಪ್ಪತ್ತರ ವಯಸ್ಸಿನಲ್ಲೂ ಅವಳು ಹೀಗೆ ಹಾಡಿರಲಿಲ್ಲ. ಒಂದು ಸಾಲು ಮುಗಿದು ಇನ್ನೊಂದು, ಅದು ಮುಗಿದು ಮತ್ತೊಂದು, ದನಿ ಗಾಜಿನ ಮೇಲೆ ಜಾರಿದಂತೆ ಹೋಗುತ್ತಿತ್ತು. ಇದನ್ನು ಏರಿಸಿಬಿಟ್ಟರೆ ಮುಗಿಯಿತು. ಮೇಷ್ಟ್ರು ಏನೂ ಹೇಳುವುದಿಲ್ಲ. ಮುಂದಿನ ಸಾಲಿನ ಅವಳ ಜಾಗಕ್ಕೆ ಯಾರೂ ಕೈ ಹಚ್ಚುವುದಿಲ್ಲ. ಇನ್ನೊಂದು ವರ್ಷ, ಎರಡು ವರ್ಷ.

"ಯಾರೇ ಇವಳು?" ಅತ್ತೆ ಕೋಣೆಯೊಳಗೇ ಬಂದಿದ್ದರು.

"ನಾನೇ ಅತ್ತೆ."

"ನೀನಾ?" ಅವರು ಮಂಚದ ಅಂಚಿಗೆ ಕೂತು ಇನ್ನೆರಡು ಸಾಲು ಕೇಳಿದರು. ಎದೆಯ ಮೇಲೆ ಕೈ ಇಟ್ಟುಕೊಂಡರು. "ನಿಲ್ಲಿಸು ಮಾರಾಯ್ತಿ. ಕೇಳ್ತಾ ಕೇಳ್ತಾ ನನಗೇ ಉಸಿರು ಕಟ್ಟುತ್ತಾ ಇದೆ. ಇವಳು ಉಸಿರೇ ಆಡ್ತಿಲ್ಲ ನೋಡು. ಬದುಕಿದಾಳೋ ಇಲ್ಲವೋ."

ಅವಳು ನಿಲ್ಲಿಸಿದಳು. ಅತ್ತೆ ಜೋರಾಗಿ ಒಂದು ಉಸಿರು ಬಿಟ್ಟು, "ಈಗ ಪರವಾಗಿಲ್ಲ" ಎಂದು ಎದ್ದುಹೋದರು.

ಅವಳು ಪರದೆಯ ಮೇಲಿನ ಅಲೆಗೆರೆ ನೋಡುತ್ತ ಕೂತಳು. ಬೇಕರಿಯವನ ಏರಿದ ಎದೆ ಕಣ್ಣಿಗೆ ಬಂತು. ಇದನ್ನು ಕಳಿಸಿದರೆ ಅವರೆಲ್ಲ ಇದನ್ನೂ ಕಲಿಯುತ್ತಾರೆ. ಅಡುಗೆಮನೆಯಲ್ಲಿ, ಕಾರಿನಲ್ಲಿ, ಹಿಟ್ಟು ನಾದುತ್ತ, ಇಲ್ಲದ ಹೆಂಗಸಿನ ಇಲ್ಲದ ಉಸಿರನ್ನು ಹಿಂಬಾಲಿಸುತ್ತಾರೆ. ತಮ್ಮ ಎದೆಯಲ್ಲೇ ಏನೋ ಕಡಿಮೆಯಾಗಿದೆ ಎಂದುಕೊಳ್ಳುತ್ತಾರೆ. ಎಲ್ಲೋ ಒಬ್ಬಳು ತನ್ನ ವಯಸ್ಸಿನವಳು ಸಾಲಿನ ನಡುವೆ ಬಾಯಿ ಮುಚ್ಚಿ, ಯಾರಿಗೂ ಹೇಳದೆ, ಡಾಕ್ಟರ ಹತ್ತಿರ ಹೋಗುತ್ತಾಳೆ.

ಹೊಲಿದದ್ದನ್ನು ಅಳಿಸಿದಳು.

ಮೇಲಿನ ದನಿಯನ್ನು ಮತ್ತೆ ಹಾಡಿದಳು. 'ನೀರೆ' ಆದ ಮೇಲೆ, ಪದ ಮುಗಿದ ಜಾಗದಲ್ಲಿ, ಕೇಳಿಸುವ ಹಾಗೆಯೇ ಉಸಿರೆಳೆದುಕೊಂಡಳು. ಎರಡನೆಯ ದನಿಗೆ 'ದೂರ' ಆದ ಮೇಲೆ. ಈ ಸಲ ಒಂದನ್ನು ಕೇಳುತ್ತ ಇನ್ನೊಂದನ್ನು ಹಾಡಲಿಲ್ಲ. ತಾಳದ ಟಿಕ್ ಟಿಕ್ ಒಂದನ್ನೇ ಕಿವಿಯಲ್ಲಿ ಇಟ್ಟುಕೊಂಡಳು. ಪ್ರತಿ ದನಿಗೂ ಎರಡೆರಡು ಟ್ರ್ಯಾಕು ಮಾಡಿದರೆ, ಒಂದರಲ್ಲಿ ಒಂದು ಕಡೆ, ಇನ್ನೊಂದರಲ್ಲಿ ಇನ್ನೊಂದು ಕಡೆ ಉಸಿರಿಟ್ಟರೆ, ಅರ್ಧ ಜನ ಅದು, ಅರ್ಧ ಜನ ಇದು ಕಲಿತಾರು ಎಂದು ಹೊಳೆಯಿತು. ಕೆಲಸ ಇಮ್ಮಡಿ. ಇರಲಿ.

ಮೂರನೆಯ ದನಿಗೆ ಬಂದಳು. ತಗ್ಗು ಕಂಠದ ಹೆಂಗಸರೂ ಏರು ಕಂಠದ ಗಂಡಸರೂ ಸೇರಿ ಹಾಡುವ ದನಿ ಅದು, ಹಿಂದಿನ ಸಾಲಿನದು. 'ಹರಿವ ನೀರೆ' ಎಂದು ಮೇಲಿನವರು ಹಾಡುವ ಹೊತ್ತು ಅವರು ಸುಮ್ಮನೆ ಕಾಯಬೇಕು, 'ಕಡಲು ದೂರ' ಎಂಬಲ್ಲಿ ಕೂಡಿಕೊಳ್ಳಬೇಕು. ಹಾಗಾಗಿ ಅವರಿಗೆ ಉಸಿರು ಉಳಿದಿರುತ್ತದೆ. ಇದನ್ನು ಅವಳು ಎಷ್ಟೋ ಹಾಡುಗಳಲ್ಲಿ ರೆಕಾರ್ಡು ಮಾಡಿದ್ದಳು, ಮನೆಯವರ ಬಟ್ಟೆ ಮಡಿಸಿಟ್ಟ ಹಾಗೆ. ತನ್ನದಲ್ಲದ್ದು, ಆದರೆ ಮಾಡಿಕೊಡಬೇಕಾದ್ದು. ಹೋದ ಸಲ ಇಲ್ಲಿ ಉಸಿರು ಬೇಕಿರಲೇ ಇಲ್ಲ. ಕಿವಿಯಲ್ಲಿದ್ದ ಮೇಲಿನವಳು ಎಳೆದಳು ಎಂದು ಇವಳೂ ಎಳೆದಿದ್ದಳು.

ಕಾದಳು. ಕೂಡಿಕೊಂಡಳು. ಕಡಲು ದೂರ, ನಿಲ್ಲ, ದಿರು. ಸಾಲು ಮುಗಿಯಿತು, ಎದೆಯಲ್ಲಿ ಇನ್ನೂ ಗಾಳಿ ಇತ್ತು. ಅದನ್ನು ಏನು ಮಾಡುವುದೆಂದು ತಿಳಿಯದೆ ಕೊನೆಯ 'ರು'ವನ್ನು ಇನ್ನಷ್ಟು ಎಳೆದಳು. ಬಹಳ ದಿನದಿಂದ ತೆರೆಯದಿದ್ದ ಕೋಣೆಗೆ ಕಾಲಿಟ್ಟಂತಾಯಿತು. ದನಿ ತನ್ನದೇ, ಆದರೆ ಅದರ ಬಣ್ಣ ಅವಳಿಗೆ ಗೊತ್ತಿರಲಿಲ್ಲ. ಅಲ್ಲಿ ಅದು ಹತ್ತುತ್ತಿರಲಿಲ್ಲ, ತುದಿಗಾಲಲ್ಲಿ ನಿಂತಿರಲಿಲ್ಲ. ಕೂತಿತ್ತು.

ಎಲ್ಲ ಮುಗಿದ ಮೇಲೆ, ಮೂರನೆಯ ದನಿಯನ್ನು ಜೋರಾಗಿಸಿ ಉಳಿದವನ್ನು ಅದರ ಸುತ್ತ ಇಟ್ಟು ಒಂದು ಸಲ ಕೇಳಿದಳು. ಇಷ್ಟು ವರ್ಷ ಅವಳು ಹಾಡನ್ನು ಮೇಲಿನಿಂದ ಕೇಳಿದವಳು. ಕೆಳಗಿನದೆಲ್ಲ ಕಾಲಡಿಯ ನೆಲ. ಈಗ ನಡುವೆ ನಿಂತು ಕೇಳುತ್ತಿದ್ದಳು. ತಲೆಯ ಮೇಲೆ ಎರಡು ದನಿ, ಪಾದದ ಕೆಳಗೆ ಒಂದು. ಮೇಲಿನವಳು 'ನೀರೆ' ಎಂದು ಉಸಿರೆಳೆದಾಗ ಎರಡನೆಯವಳು ಹಿಡಿದಿದ್ದಳು. ಎರಡನೆಯವಳು ಬಿಟ್ಟಾಗ ಇವಳು ಹಿಡಿದಿದ್ದಳು. ಹಾಡು ಎಲ್ಲೂ ಕಡಿಯಲಿಲ್ಲ. ಉಸಿರು ಎಲ್ಲ ಕಡೆ ಕೇಳುತ್ತಿತ್ತು, ಹಾಡು ಎಲ್ಲೂ ಕಡಿಯಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡಳು. ಒಂದೇ ಗಂಟಲಿನಿಂದ ಹೊರಟದ್ದು ಇಷ್ಟು ಜನವಾಗಿ ಒಬ್ಬರನ್ನೊಬ್ಬರು ಹೊತ್ತುಕೊಂಡು ಹೋಗುತ್ತಿರುವುದು ಹೇಗೆಂದು, ತಾನೇ ಮಾಡಿದ್ದಾದರೂ, ಅವಳಿಗೆ ಅರ್ಥವಾಗಲಿಲ್ಲ.

"ಆಯ್ತಾ?" ನಡುಮನೆಯಿಂದ ಅತ್ತೆ.

"ಆಯ್ತು."

"ಈ ಸಲ ನಾನು ಕರೆದಿಲ್ಲ ತಾನೇ?"

"ಇಲ್ಲ ಅತ್ತೆ."

ಟ್ರ್ಯಾಕುಗಳನ್ನು ಒಂದೊಂದಾಗಿ ಏರಿಸಿದಳು. ಪರದೆಯ ಮೇಲೆ ಹಸಿರು ಗೆರೆ ನಿಧಾನವಾಗಿ ತುಂಬಿಕೊಳ್ಳುತ್ತಿತ್ತು. ಸಂಜೆ ಗಂಡ ಕೆಲಸದಿಂದ ಬಂದು, ಮೈಕಿನ ಕತ್ತು ಸಡಿಲವಾಗಿದೆಯೇ ಎಂದು ಅಲುಗಿಸಿ ನೋಡಿ, "ಸರಿಹೋಯ್ತಾ ನಿಮ್ಮ ಹಾಡು?" ಎಂದು ಕೇಳಿದ.

"ಸರಿಹೋಯ್ತು."

"ಮತ್ತೆ ಯಾಕೆ ಹೀಗೆ ಕೂತಿದೀಯ?"

"ಹೀಗೆ ಅಂದ್ರೆ?"

ಅವನು ಕೈಕಾಲು ತೊಳೆಯಲು ಹೋದ.

ಅವಳು ತನ್ನ ಫೋನು ತೆಗೆದು ತಂಡದ ಪುಟ ತೆರೆದಳು. ಅಷ್ಟರಲ್ಲೇ ಯಾರೋ ಕೇಳತೊಡಗಿದ್ದರು. ಅವಳ ಬೆರಳು ಅಭ್ಯಾಸದಿಂದ ಮೊದಲ ದನಿಯ ಮೇಲೆ ಹೋಯಿತು, ಅಲ್ಲಿ ನಿಲ್ಲಲಿಲ್ಲ. ಮೂರನೆಯದನ್ನು ಒತ್ತಿ, ಇಯರ್‌ಫೋನು ಕಿವಿಗಿಟ್ಟುಕೊಂಡಳು. ಭಾನುವಾರ ಮೇಷ್ಟ್ರು ಬರುವುದಕ್ಕೆ ಮುಂಚೆಯೇ ಹೋಗಬೇಕು. ಹಲ್ಲಿನ ಡಾಕ್ಟರು ಏನಾದರೂ ಕೇಳುವ ಮೊದಲೇ ಹಿಂದಿನ ಸಾಲಿಗೆ ನಡೆದು, ಬೇಕರಿಯವನ ಪಕ್ಕ ಒಂದು ಜಾಗ ಮಾಡಿಕೊಳ್ಳಬೇಕು.

ಮೂರನೆಯ ದನಿ ಇನ್ನೂ ಬಂದಿರಲಿಲ್ಲ. ಮೇಲೆ, ದೂರದಲ್ಲಿ, ಯಾರೋ ಹರಿವ ನೀರೆ ಎನ್ನುತ್ತಿದ್ದರು. ಅವಳು ತನ್ನ ಸರದಿಗೆ ಕಾದಳು.